ತೇಲುಬೇಲಿಯ ಸೋಮವಾರಗಳು

ಕಳೆದ ಸೋಮವಾರ ಅಣ್ಣ ಬಂದರಿನ ಕಡೆ ತಲೆ ಹಾಕಿರಲೇ ಇಲ್ಲ. ಅಮ್ಮನ ಕಣ್ಣಿನ ಆಪರೇಷನ್ನೆಂದು ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ತಂಗಿಯ ಪಕ್ಕದಲ್ಲೇ ತೂಕಡಿಸುತ್ತಿದ್ದ. ಅವನ ಉಗ್ರಾಣದ ರಿಜಿಸ್ಟರು ಮಾತ್ರ ಬೇರೆಯೇ ಹೇಳುತ್ತಿತ್ತು: ‘ಸೋಮವಾರ, ತೇಲುಬೇಲಿಯ ಹನ್ನೆರಡೂ ತುಂಡು ಸಮುದ್ರಕ್ಕಿಳಿಸಿ ಪರೀಕ್ಷಿಸಲಾಗಿದೆ.’

ಕೊನೆಯ ಪರೀಕ್ಷೆಯ ತಾರೀಖು ನೋಡಲೆಂದು ರಿಜಿಸ್ಟರು ತೆರೆದಿದ್ದ ತಂಗಿ ಆ ಸಾಲನ್ನು ಎರಡು ಸಲ ಓದಿದಳು. ಅವಳು ಬಂದರಿನ ಸುರಕ್ಷಾಧಿಕಾರಿ. ಹೊರಗೆ ಹಡಗು ಕಾಯುತ್ತಿತ್ತು. ಅದರ ಹೊಟ್ಟೆಯಲ್ಲಿದ್ದುದು ನೀರಿನ ಮೇಲೆ ತೇಲುವ, ಮೂಗಿಗೆ ಬಡಿದರೆ ತಲೆ ತಿರುಗಿಸುವ ದ್ರಾವಕ. ಪೈಪು ಸೋರಿದರೆ ಅದು ಹರಡದಂತೆ ತಡೆಯಲು ಇದ್ದದ್ದು ಈ ರಬ್ಬರಿನ ಬೇಲಿಯೊಂದೇ. ಕೂಗಳತೆಯ ದೂರದಲ್ಲಿ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಚಿಪ್ಪು ಹೆಕ್ಕುತ್ತಿದ್ದರು. ಅವಳು ಹೂಂ ಅಂದರೆ ಪೈಪು ಜೋಡಿಸುತ್ತಾರೆ.

ಉಗ್ರಾಣದಲ್ಲಿ ಅಣ್ಣ ಮಡಚಿಟ್ಟ ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದ. ಯಾವತ್ತೂ ಕೂತೇ ಮಾತಾಡುವ ಆಸಾಮಿ ಇವತ್ತೇಕೆ ನಿಂತಿದ್ದಾನೆ?

“ಸ್ವಲ್ಪ ಪಕ್ಕಕ್ಕೆ ಬಾ, ಅಣ್ಣ.”

“ಏನು ಪುಟ್ಟಿ, ನನ್ನ ಮೇಲೇ ಅನುಮಾನನಾ?”

“ಬಾ ಅಂದೆ.”

ಬಾಗಿಲ ಬಳಿಯ ಎರಡು ತುಂಡುಗಳ ಮೇಲೆ ಉಪ್ಪಿನ ಕಲೆಯಿತ್ತು. ಹಿಂದಿನವುಗಳ ಮಡಿಕೆಗೆ ಬೆರಳು ತೂರಿಸಿದಳು. ರಬ್ಬರು ಅಂಟದಿರಲೆಂದು ಕಾರ್ಖಾನೆಯವರು ಉದುರಿಸಿದ್ದ ಬಿಳಿ ಪುಡಿ ಬೆರಳಿಗೆ ಹತ್ತಿತು. ಬೇಲಿ ಬಂದು ನಾಲ್ಕು ವರ್ಷವಾಗಿತ್ತು.

“ಎಲ್ಲಾನೂ ನೀರಿಗಿಳಿಸಿ,” ಎಂದು ಪೈಪು ಜೋಡಿಸಲು ಕಾಯುತ್ತಿದ್ದ ಆಳುಗಳಿಗೆ ಹೇಳಿದಳು.

ಮೂರನೆಯ ತುಂಡು ಬಿಚ್ಚುವಾಗಲೇ ಮಡಿಕೆಯುದ್ದಕ್ಕೂ ಪರ್ರೆಂದು ಹರಿಯಿತು. ನಾಲ್ಕನೆಯದು ನೀರು ಕುಡಿದು ಮುಳುಗಿತು.

ಅಣ್ಣನ ಮುಖ ಪೆಚ್ಚಾಯಿತು. “ಮೂರು ಜನ ಮಾಡೋ ಕೆಲಸಕ್ಕೆ ಮೊದಲಿಂದ್ಲೂ ನನ್ನೊಬ್ಬನ್ನೇ ಬಿಟ್ರು. ಎರಡು ಎಳೆಯೋಷ್ಟರಲ್ಲಿ ಸೊಂಟ ಬಿದ್ದುಹೋಗ್ತಿತ್ತು. ಹನ್ನೆರಡು ಅಂತ ಬರೀತಿದ್ದೆ. ನೀನೂ ಕೇಳ್ಲಿಲ್ಲ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವನ ಸುಳ್ಳನ್ನು ಅವನಿಗೇ ತೋರಿಸಲೆಂದು ರಿಜಿಸ್ಟರಿನ ಹಿಂದಿನ ಪುಟಗಳನ್ನು ಮಗುಚಿದಳು. ಪ್ರತಿ ಸೋಮವಾರದ ಕೆಳಗೂ ಅವಳದೇ ಸಹಿ. ಮಂಗಳವಾರ ಬೆಳಗ್ಗೆ ಅಣ್ಣ ತಿಂಡಿ ತಟ್ಟೆಯ ಪಕ್ಕ ರಿಜಿಸ್ಟರು ಇಡುತ್ತಿದ್ದ. ಅವಳು ಒಂದು ಕಣ್ಣು ಒಲೆಯ ಮೇಲಿಟ್ಟು ಗೀಚಿ ಕೊಡುತ್ತಿದ್ದಳು. ಒಡಹುಟ್ಟಿದವನು ಬರೆದದ್ದನ್ನು ಕೂತು ಓದುವವರುಂಟೆ? ಆಸ್ಪತ್ರೆಯಿಂದ ಬಂದ ಮರುದಿನವೂ ಹಾಗೇ ಗೀಚಿದ್ದಳು, ಪುಟದ ಮೂಲೆಯಲ್ಲಿ ಚಹಾ ಲೋಟದ ಗುರುತು ಇನ್ನೂ ಇತ್ತು.

“ಈ ಪುಟ ಹರಿದುಬಿಡೋಣ ಕಣೆ,” ಅಣ್ಣ ದನಿ ತಗ್ಗಿಸಿದ. “ಇಲ್ದಿದ್ರೆ ಇಬ್ಬರ ಕೆಲಸಾನೂ ಹೋಗುತ್ತೆ. ಅಮ್ಮನ ಇನ್ನೊಂದು ಕಣ್ಣು ಬಾಕಿ ಇದೆ.”

ಹಡಗು ಕೂಗಿತು. ಅವಳು ಕಿಟಕಿಯಾಚೆ ಚಿಪ್ಪು ಹೆಕ್ಕುವವರನ್ನು ನೋಡಿದಳು. ಅದೇ ಪುಟದ ಕೆಳಗೆ ಬರೆದಳು: ‘ಸರಕು ಇಳಿಸಬಾರದು. ಬೇಲಿ ಕೆಲಸಕ್ಕೆ ಬರುವುದಿಲ್ಲ. ನಾಲ್ಕು ವರ್ಷ ನಾನು ನೋಡದೆ ಸಹಿ ಹಾಕಿದ್ದೇನೆ.’

ಕೆಳಗೆ ಉಗ್ರಾಣದವನ ಸಹಿಯೂ ಬೇಕಿತ್ತು. ಅಣ್ಣ ಎಲ್ಲೋ ನೋಡುತ್ತ ಪೆನ್ನು ಇಸಿದುಕೊಂಡ.

“ಎಲ್ಲಿ ಹಾಕ್ಲಿ?”

“ಮೊದಲು ಓದು, ಅಣ್ಣ,” ಎಂದಳು.