ಕಚ್ಚಿಟ್ಟ ರೊಟ್ಟಿ

ಎಳ್ಳು, ಡ್ರೈಯರಿನಿಂದ ತೆಗೆದ ಲಾಸ್ಯಾಳ ಸ್ವೆಟರಿನ ಜೇಬಿನಲ್ಲಿ ಬೆರಳಿಗೆ ಸಿಕ್ಕಿದ್ದು ಎಳ್ಳು, ಒಗೆದರೂ ಹೋಗಿಲ್ಲ, ಬಿಸಿಗೆ ಇನ್ನಷ್ಟು ಹುರಿದ ವಾಸನೆ — ತಾಷ್ಕೆಂಟಿನದೇ ಇರಬೇಕು, ಕೊನೆಯ ದಿನದ್ದು, ಅವತ್ತು ಹಗಲು ಇವರು ಕೆಲಸಕ್ಕೆ ಹೋಗಿದ್ದರು, ನಾನೂ ಮಗಳೂ ಇಬ್ಬರೇ ಊರು ನೋಡಲು ಹೊರಟಿದ್ದೆವು. ಟೂರಿಸ್ಟ್ ಥರ ನೋಡ್ಬೇಡ ಮಾರಾಯ್ತಿ, ಇಲ್ಲಿ ಇರೋದಾದ್ರೆ ಹೇಗೆ ಅಂತ ನೋಡು, ಅಂದಿದ್ದರು ಹೋಗುವಾಗ. ಇರುವುದಾದರೆ. ಇಲ್ಲಿಯ ಡಾಟ್ ಕಾಮ್ ಕಂಪನಿ ಮುಚ್ಚಿದ ಮೇಲೆ ಯತೀಶರಿಗೆ ಸಿಕ್ಕ ಕೆಲಸ ಅಷ್ಟು ದೂರದ್ದು, ಅಲ್ಲಿ ಟೆಲಿಫೋನ್ ಜಾಲ ಹಾಕುವುದು, ಎರಡು ವರ್ಷ. ನಾವೂ ಹೋಗುವುದೋ, ಇವಳ ಸ್ಕೂಲು ನೋಡಿಕೊಂಡು ಅಮೆರಿಕದ ಈ ಡಬ್ಲಿನ್ನಿನ ಅಪಾರ್ಟ್‌ಮೆಂಟಿನಲ್ಲೇ ಇರುವುದೋ, ಸಂಜೆ ಫೋನು ಬಂದಾಗ ಹೇಳಬೇಕು, ಬರುವುದಿಲ್ಲವೆಂದರೆ ಅವರು ಅಲ್ಲಿ ಹಿಡಿದಿರುವ ಬಾಡಿಗೆ ಮನೆ ಬಿಟ್ಟು ಒಂಟಿ ರೂಮು ಹಿಡಿಯುತ್ತಾರೆ. ಈ ಕಾಲುಚೀಲಕ್ಕೆ ಜೊತೆ ಎಲ್ಲಿ. ಆ ಮೆಟ್ರೋ ಸ್ಟೇಷನ್, ಮದುವೆ ಛತ್ರದ ಹಾಗೆ ತೂಗುದೀಪ, ಕಲ್ಲಿನ ಕಂಬ, ಅಮ್ಮಾ ಈಸ್ ಇಟ್ ಎ ಪ್ಯಾಲೇಸ್, ಅಲ್ಲ ಕಂದ, ನಮ್ಮ ಬಾರ್ಟ್ ಥರಾನೇ ರೈಲು, ನೋ, ಬಾರ್ಟ್ ಸ್ಮೆಲ್ಸ್. ಒಬ್ಬ ಮುದುಕರು ಸೀಟು ಬಿಟ್ಟುಕೊಟ್ಟು ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದರು, ಅಷ್ಟೇ ಸಾಕಾಯಿತು, ಇವಳು ದಿನವೆಲ್ಲ ಕಂಡಕಂಡವರಿಗೆ ಎದೆ ಮುಟ್ಟಿ ಬಾಗಿದ್ದು, ಕೊನೆಗೆ ಒಂದು ಬೆಕ್ಕಿಗೂ. ಬಜಾರಿನ ನೀಲಿ ಗುಮ್ಮಟದ ಕೆಳಗೆ ಹಳದಿ ಕ್ಯಾರೆಟ್ಟಿನ ರಾಶಿಗಳು, ಎಳೆ ಎಳೆಯಾಗಿ ಹೆಚ್ಚಿಯೇ ಮಾರುತ್ತಾರೆ, ಅದರಲ್ಲಿ ಕೋಸಂಬರಿ ಹೇಗಾಗಬಹುದು, ಕರಿಬೇವು ಇಲ್ಲ, ಹುಣಸೆ ಇಲ್ಲ, ಒಣಗಿಸಿದ ಹುಳಿ ಹಣ್ಣೊಂದು ಇದೆ, ಅದನ್ನು ಕಿವುಚಿ ಹಾಕಿದರೆ ಸಾರು ಬರುತ್ತದೆಯೇ, ಬಂದರೆ ಏನು ಬಣ್ಣ. ಸ್ಕೂಲು ಬಿಟ್ಟ ಹುಡುಗಿಯರ ತಲೆಯಲ್ಲಿ ಮುಖದಷ್ಟೇ ದೊಡ್ಡ ಬಿಳಿ ಟೇಪಿನ ಹೂ, ಕ್ಯಾನ್ ಐ ವೇರ್ ದಟ್. ಅವಳ ಕೂದಲಿಗೆ ಅದು ನಿಲ್ಲುತ್ತದೋ ಇಲ್ಲವೋ ಅಂತ ನೋಡಿದೆ.

ಕುಕ್ಕರ್ ಕೂಗಿತು, ಉರಿ ಸಣ್ಣ ಮಾಡಬೇಕು. ಅಲ್ಲಿ ಕುಕ್ಕರ್ ಕೂಗಿದರೆ ಮನೆಯೊಡತಿ ಮುನವ್ವರ್ ಓಪಾ ಅಂಗಳ ದಾಟಿ ಓಡಿ ಬರುತ್ತಿದ್ದರು — ಓಪಾ ಅಂದರೆ ಅಕ್ಕ — ಎದೆ ಮುಟ್ಟಿಕೊಂಡು ನಗುತ್ತಿದ್ದರು. ಅವರ ಅಡುಗೆಮನೆಯ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ ಒಂದು ದುಂಡು ರೊಟ್ಟಿ, ಕಲ್ಲಾಗಿದೆ, ಅಂಚಿನಲ್ಲಿ ಯಾರೋ ಕಚ್ಚಿದ್ದಾರೆ, ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಿದ್ದರು, ಇದೇನಪ್ಪಾ, ಎಂಜಲು ರೊಟ್ಟಿಗೆ ಇಷ್ಟು ಉಪಚಾರ. ಅವತ್ತು ರಾತ್ರಿ ಹೊರಡುವಾಗ ಟ್ಯಾಕ್ಸಿ ಬಾಗಿಲಲ್ಲಿತ್ತು, ಇವರೂ ಬಂದಿದ್ದರು, ಓಪಾ ಹೊಸ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಬಾಯಿಯ ಹತ್ತಿರ ತಂದರು, ನಾನು ಮರ್ಯಾದೆಯಾಗಿ ಕೈಯಿಂದ ಒಂದು ಚೂರು ಮುರಿದು ತಿಂದೆ, ಬಾಯಿ ಹಾಕಿ ಇನ್ನೊಬ್ಬರ ಕೈಗೆ ಹೇಗೆ ಕೊಡುವುದು, ನೀರನ್ನೂ ಎತ್ತಿ ಕುಡಿದು ಬೆಳೆದವಳು. ಓಪಾ ತಲೆಯಾಡಿಸಿ ತಮ್ಮ ಹಲ್ಲು ಕಟಕಟ ಮಾಡಿ ತೋರಿಸಿದರು, ನನಗೆ ತಿಳಿಯಲಿಲ್ಲ, ಲಾಸ್ಯಾಳಿಗೆ ತಿಳಿಯಿತು, ಗಬಕ್ಕನೆ ಕಚ್ಚಿದಳು, ಎಳ್ಳೆಲ್ಲ ಸ್ವೆಟರಿನ ಮೇಲೆ. ಏರ್‌ಪೋರ್ಟಿನ ದಾರಿಯಲ್ಲಿ ಇವರು ಹೇಳಿದರು, ಹೊರಡೋರು ಕಚ್ಬೇಕು ಮಾರಾಯ್ತಿ, ಅವರು ವಾಪಸ್ ಬರೋವರೆಗೂ ಅದನ್ನ ಯಾರೂ ಮುಟ್ಟಲ್ಲ, ಗೋಡೆಗೆ ಹಾಕಿರೋದು ಓಪಾ ಅವರ ಮಗಂದು, ಮಿಲಿಟರಿಗೆ ಹೋಗಿದ್ದಾನೆ. ಎಂಜಲು ಮಾಡಿ ಅವರ ಮನೇಲಿ ಬಿಟ್ಟು ಬರೋದಾ, ಅಂದೆ. ಅವರಿಗೆ ಬೇಕಾಗಿರೋದು ಅದೇ, ನಿನ್ನ ಎಂಜಲೇ. ಆಮೇಲೆ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಕುಳಿತರು.

ಸ್ವೆಟರ್ ಇಡಲು ತೆಗೆದ ಈ ಬೀರುವಿನಲ್ಲೇ ಇವರ ಶರ್ಟುಗಳು, ಮೊನ್ನೆ ಎಲ್ಲವನ್ನೂ ಕೊಡವಿ ಮತ್ತೆ ಮಡಿಸಿಟ್ಟೆ, ಯಾರೂ ಹಾಕಿಕೊಂಡಿರಲಿಲ್ಲ, ಕೊಳೆಯಾಗಿರಲೂ ಇಲ್ಲ, ಆದರೂ ಕೊಡವಿದೆ, ಓಪಾ ಒರೆಸುವ ಹಾಗೆ, ಎರಡು ವರ್ಷ ಹೀಗೆ ಕೊಡವುವುದೇ — ಇಲ್ಲಿ ಇವಳಿಗೆ ಸ್ಕೂಲಿದೆ, ಈಜಿನ ಕ್ಲಾಸಿದೆ, ಶ್ರೇಯಾ ಅನ್ನುವ ಗೆಳತಿ ಇದ್ದಾಳೆ, ಅಲ್ಲಿ ಅಪ್ಪ ಇದ್ದಾರೆ. ಇವಳದು ಇಷ್ಟು ಚಿಕ್ಕ ಬಾಯಿ, ಮುಂದಿನ ಒಂದು ಹಲ್ಲು ಬಿದ್ದಿದೆ, ರೊಟ್ಟಿಯಲ್ಲಿ ಆ ಕಚ್ಚಿನ ನಡುವೆ ಒಂದು ದಿಣ್ಣೆ ಉಳಿದಿತ್ತು. ಫೋನು. ಲಾಸ್ಯಾ ಓಡಿದಳು, ಅಪ್ಪಾ, ಡಿಡ್ ಎನಿಬಡಿ ಈಟ್ ಮೈ ಬ್ರೆಡ್, ಏನು ಹೇಳಿದರೋ, ನಗುತ್ತಾ ರಿಸೀವರನ್ನು ನನಗೆ ಕೊಟ್ಟಳು. ಏನು ಮಾರಾಯ್ತಿ, ಏನು ಯೋಚನೆ ಮಾಡ್ದೆ. ಆ ಮನೆ ಬಿಡ್ಬೇಡಿ, ಅಂದೆ, ಇವಳ ಸ್ಕೂಲು ಮುಗಿದ ತಕ್ಷಣ ಬರ್ತೀವಿ. ತಂತಿಯೊಳಗೆ ಸರಸರ, ಇನ್ನೂ ಏನೋ ಹೇಳಬೇಕಿತ್ತು ನಾನು, ಟಿಕೆಟ್ಟು, ಸಾಮಾನು, ಸ್ಕೂಲಿಗೆ ತಿಳಿಸುವುದು, ಯಾವುದೂ ನೆನಪಿಗೆ ಬರುತ್ತಿಲ್ಲ, ಕಣ್ಣ ಮುಂದೆ ಗೋಡೆ, ಮೊಳೆ, ರೊಟ್ಟಿ, ಅವಳ ಹಲ್ಲಿನ ಗುರುತು, ಅದರ ಪಕ್ಕದಲ್ಲಿ ನನ್ನ ಬೆರಳು ಮುರಿದ ಜಾಗ, ನನ್ನ ಹಲ್ಲು ಮುಟ್ಟದ್ದು.