ಗೋಡೆ ಮುಟ್ಟದ ಕೈ

ಕೊಳಕೂರಿನಲ್ಲಿ ಮಗಳಿಗೆ ಈಜು ಕಲಿಸಿದ ಮೊದಲ ಅಪ್ಪ ಶಾಂತಲಿಂಗಪ್ಪ. ಊರು ಸುಮ್ಮನಿರುತ್ತದೆಯೇ? "ಮಗಳನ್ನ ಭೀಮಾನದಿಗೇ ಕೊಟ್ಟು ಲಗ್ನಾ ಮಾಡಾಂವ ಇದ್ದಾನೇನ್ರಿ?" ಎಂದು ಕಟ್ಟೆಯ ಮೇಲೆ ಕೂತವರು ಆಡಿಕೊಂಡರು. ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟು ವರ್ಷದ ಗುರುಬಾಯಿಯ ನಡುವಿಗೆ ಹಗ್ಗ ಕಟ್ಟಿ ಹೊಲದ ಮೆಟ್ಟಿಲಿರುವ ಪಾವಟಿಗೆ ಬಾವಿಗೆ ಇಳಿಸಿದ. ಹದಿನೈದು ದಿನಕ್ಕೆ ಹಗ್ಗ ಬೇಡವಾಯಿತು.

ಆ ಬಾವಿಯಲ್ಲಿ ಒಂದೇ ಕಟ್ಟಪ್ಪಣೆ. ಪಾವಟಿಗೆ ಬಿಟ್ಟು ಬೇರೆ ಯಾವ ಕಡೆಯೂ ಗೋಡೆ ಮುಟ್ಟಬಾರದು. ಕಲ್ಲಿನ ಸಂದಿಯಲ್ಲಿ ಹಾವಿರುತ್ತವೆ, ಒಂದು ಗೇಣು ಇರುವಾಗಲೇ ಹೊರಳಬೇಕು. ಇದು ಬರೀ ಹೆದರಿಸುವ ಮಾತಾಗಿರಲಿಲ್ಲ. ಶಾಂತಲಿಂಗಪ್ಪನ ತಮ್ಮ ಹಣಮಂತರಾಯ ಹದಿನಾಲ್ಕನೆಯ ವಯಸ್ಸಿನಲ್ಲಿ ದಣಿವಾರಿಸಿಕೊಳ್ಳಲು ಅದೇ ಸಂದಿಯಲ್ಲಿ ಕೈ ಇಟ್ಟವನು. ಅವನನ್ನು ಹೆಗಲ ಮೇಲೆ ಹೊತ್ತು ಊರ ತನಕ ಓಡಿದವನು ಶಾಂತಲಿಂಗಪ್ಪನೇ. ಅಗಸಿ ಬಾಗಿಲು ತಲುಪುವಷ್ಟರಲ್ಲಿ ಹೆಗಲ ಮೇಲಿನ ಹುಡುಗ ಮಾತು ನಿಲ್ಲಿಸಿದ್ದ. ಹಾಗಿದ್ದರೂ ಮಗಳನ್ನು ಅದೇ ನೀರಿಗೆ ಬಿಟ್ಟನೆಂದರೆ ಅವನ ಎದೆ ಎಂಥದ್ದೋ ನೀವೇ ಲೆಕ್ಕ ಹಾಕಿ. ಈಜು ಬಂದವರು ನೀರಿಗೆ ಹೆದರಬೇಕಿಲ್ಲ, ಗೋಡೆಗೆ ಹೆದರಿದರೆ ಸಾಕು ಎನ್ನುತ್ತಿದ್ದ.

ಗುರುಬಾಯಿ ಹದಿಮೂರಕ್ಕೆ ಬಂದಾಗ ಭೀಮೆಯನ್ನು ಒಂದೇ ಉಸಿರಿನಲ್ಲಿ ಎಂಬಂತೆ ದಾಟುವುದನ್ನು ಜೇವರ್ಗಿಯ ಆಟದ ಮಾಸ್ತರ್ ಶರಫುದ್ದೀನ ನೋಡಿದರು. ಅವರು ಸುಮ್ಮನೆ ಹೊಗಳುವ ಜಾತಿಯವರಲ್ಲ. ಅವತ್ತು ಸೈಕಲ್ಲು ದಡಕ್ಕೆ ಒಗೆದು ಓಡಿ ಬಂದು, "ಈ ಹುಡುಗಿನ್ನ ನನಗ ಕೊಡ್ರಿ ಸಾವ್ಕಾರ್ರ, ದೇಶಕ್ಕ ತೋರಸ್ತೇನಿ" ಎಂದರು. ಮುಂದಿನ ಎರಡು ವರ್ಷ ತಾಲೂಕು, ಜಿಲ್ಲೆ, ವಿಭಾಗ, ಎಲ್ಲೆಡೆ ಅವಳೇ ಮೊದಲು. ಆ ಸ್ಪರ್ಧೆಗಳೆಲ್ಲ ಕೆರೆಯಲ್ಲಿ ನಡೆಯುತ್ತಿದ್ದವು, ಈ ಹಗ್ಗದಿಂದ ಆ ಹಗ್ಗಕ್ಕೆ ನೆಟ್ಟಗೆ. ಹೊರಳುವ ಪ್ರಸಂಗವೇ ಇರಲಿಲ್ಲ.

ಎಂಬತ್ತಮೂರರಲ್ಲಿ ರಾಜ್ಯಮಟ್ಟಕ್ಕೆ ಬೆಂಗಳೂರಿನಿಂದ ಕರೆ ಬಂತು. ಇನ್ನೂರು ಮೀಟರ್ ಫ್ರೀಸ್ಟೈಲ್, ಮೊದಲು ಬಂದವಳು ರಾಷ್ಟ್ರೀಯ ಸ್ಪರ್ಧೆಗೆ. ಅಲ್ಲಿ ಕೆರೆಯಲ್ಲ, ಈಜುಕೊಳ. ಮೂರು ಸಲ ಗೋಡೆಯ ಹತ್ತಿರ ಹೊರಳಬೇಕು. ಹೆಸರಿಗೆ ಹೇಗೆ ಬೇಕಾದರೂ ಈಜುವ ಸ್ಪರ್ಧೆ, ಆದರೆ ಹೊರಳುವಾಗ ಗೋಡೆ ಮುಟ್ಟದಿದ್ದರೆ ಹೆಸರೇ ಕಾಟು. ಶರಫುದ್ದೀನ ಮಾಸ್ತರು ಬಾವಿಯ ಎದುರುಬದುರಿನ ಎರಡು ಗೋಡೆಗೆ ಸುಣ್ಣದ ಬಟ್ಟು ಹಚ್ಚಿ, "ದಿನಾ ನೂರು ಸಲ ಮುಟ್ಟಿಸ್ರಿ. ನಾನು ಐತವಾರಕ್ಕೊಮ್ಮೆ ಬಂದು ನೋಡ್ತೇನಿ" ಎಂದು ಹೇಳಿ ಹೋದರು.

ಮೊದಲ ದಿನ ಮಗಳ ಬೆರಳು ಬಟ್ಟಿನ ಕಡೆ ಹೋದಾಗ ಶಾಂತಲಿಂಗಪ್ಪ ಪಾವಟಿಗೆ ಇಳಿದು ಓಡಿ ಬಂದ. ಹಾವು ಕಡಿದವನಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರೆ, ಇವನಿಗೆ ಹಗ್ಗವೂ ಬೇಕಿರಲಿಲ್ಲ.

"ಸಾಕ್ ಸಾಕು, ಗೇಣು ಇರಂಗನಽ ಹೊರಳು" ಎಂದು ಕೂಗಿದ.

"ಅಪ್ಪಾ, ಮಾಸ್ತರ್ರು ಮುಟ್ಟು ಅಂದಾರಲ್ಲ?"

"ಅವರು ಬಂದಾಗ ಮುಟ್ಟು. ಬೆಂಗಳೂರಾಗ ಹಾವಿರಂಗಿಲ್ಲ, ಅಲ್ಲಿ ಮುಟ್ಟು. ಇಲ್ಲಿ ಬ್ಯಾಡ ನನ್ನವ್ವ."

ಮೂರು ತಿಂಗಳು ಹೀಗೇ ನಡೆಯಿತು. ಐತವಾರ ನಾಲ್ಕು ಸಲ ಮುಟ್ಟಿ ತೋರಿಸುವುದು, ಉಳಿದ ಆರು ದಿನ ದಿನಕ್ಕೆ ನೂರು ಸಲ ಗೇಣು ಬಿಟ್ಟು ಹೊರಳುವುದು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಮೇಯುತ್ತಿದ್ದೇನೆಂದು ಬೇಲಿಗೆ ಗೊತ್ತಿರಲಿಲ್ಲ, ಪ್ರೀತಿ ಎಂದೇ ತಿಳಿದಿತ್ತು.

ಬೆಂಗಳೂರಿನ ನೀಲಿ ನೀರಿನಲ್ಲಿ ಗುರುಬಾಯಿ ಮೊದಲ ಹೊರಳಿಗೆ ಗೋಡೆ ಮುಟ್ಟಿದಳು. ಎರಡನೆಯದಕ್ಕೂ ಮುಟ್ಟಿದಳು. ಮೂರನೆಯ ಹೊತ್ತಿಗೆ ತೋಳು ಸೋತಿದ್ದವು, ಪಕ್ಕದ ಸಾಲಿನ ಹುಡುಗಿ ಸಮಸಮ ಬಂದಿದ್ದಳು. ಯೋಚಿಸುವ ತ್ರಾಣವಿಲ್ಲದಾಗ ಮೈ ತನಗೆ ರೂಢಿಯಾದದ್ದನ್ನೇ ಮಾಡುತ್ತದೆ. ಮೇಲೆ ಕೂತಿದ್ದ ಶಾಂತಲಿಂಗಪ್ಪ ಕಣ್ಣಾರೆ ಕಂಡ. ಮಗಳ ಕೈ ಗೋಡೆಯ ಹತ್ತಿರ ಬಂತು, ಒಂದು ಗೇಣು ಇರುವಾಗ ತಟ್ಟನೆ ಹಿಂದೆ ಸರಿಯಿತು. ಅವಳು ಮೊದಲು ಬಂದಳು, ಎರಡು ಮಾರು ಮುಂದೆ. ಜನ ಚಪ್ಪಾಳೆ ತಟ್ಟಿದರು. ಇಡೀ ಗುಂಪಿನಲ್ಲಿ ಕೈ ಎತ್ತದೆ ಕೂತವನು ಅವಳ ಅಪ್ಪ ಒಬ್ಬನೇ.

ಹತ್ತು ನಿಮಿಷಕ್ಕೆ ಅವಳ ಹೆಸರು ಹೊಡೆದುಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒದ್ದೆ ಕೂದಲಿನಲ್ಲಿ ಟವೆಲ್ ಹೊದ್ದು ನಿಂತ ಗುರುಬಾಯಿಯ ಎದುರಿಗೇ ಶರಫುದ್ದೀನ ಮಾಸ್ತರು ಶಾಂತಲಿಂಗಪ್ಪನನ್ನು ಕೇಳಿದರು.

"ಖರೇ ಹೇಳ್ರಿ ಸಾವ್ಕಾರ್ರ. ದಿನಾ ನೂರು ಸಲ ಮುಟ್ಟಿಸೀರಿ ಇಲ್ಲೋ?"

ಸುತ್ತ ಜಿಲ್ಲೆಯ ನಾಲ್ಕು ಜನ ನಿಂತಿದ್ದರು. ಶಾಂತಲಿಂಗಪ್ಪ ಅವರ ಕಡೆ ನೋಡಿದ.

"ಹೌದ್ರಿ" ಎಂದ.

ಗುರುಬಾಯಿ ಅಪ್ಪನ ಮುಖ ನೋಡಿದಳು. ಮಾಸ್ತರು ಅವಳ ಕಡೆ ತಿರುಗಿ, "ಹಂಗಾರ ನಿನಗೇನಾಗಿತ್ತು ಬೇ?" ಎಂದರು.

"ಮರ್ತೆನ್ರಿ ಸರ್" ಎಂದಳು.

ಮರುವರ್ಷ ವಿಭಾಗದ ಆಯ್ಕೆಯಲ್ಲಿ ಅವಳ ಹೆಸರು ಬರಲಿಲ್ಲ. ಕೇಳಿದವರಿಗೆ ಶರಫುದ್ದೀನ ಮಾಸ್ತರು, "ತಾಕತ್ತದ, ಖಯಾಲ್ ಇಲ್ಲ. ಸಾವಿರ ಸಲ ಮಾಡಿದ್ದನ್ನ ಮರಿಯೋ ಹುಡುಗಿನ್ನ ಹೆಂಗ ಕಳಸಲಿ?" ಎಂದರಂತೆ. ಅವರದೇನು ತಪ್ಪು? ತಮಗೆ ಗೊತ್ತಿದ್ದಷ್ಟನ್ನೇ ಅವರು ಹೇಳಿದ್ದು. ಆ ಮಾತನ್ನು ಅಳಿಸುವ ಶಕ್ತಿ ಲೋಕದಲ್ಲಿ ಒಬ್ಬನಿಗಿತ್ತು. ಅವನು ಮೂರು ಸಲ ಜೇವರ್ಗಿಗೆ ಹೋದ, ಮಾಸ್ತರರ ಮನೆಯಲ್ಲಿ ಚಹಾ ಕುಡಿದ, ತೊಗರಿಯ ಬೆಳೆಯ ಸುದ್ದಿ ಮಾತಾಡಿದ, ವಾಪಸು ಬಂದ. ಗುರುಬಾಯಿ ಮತ್ತೆ ನೀರಿಗಿಳಿಯಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ತಾನಾಗಿಯೇ ಬಿಟ್ಟಳು. ಹತ್ತೊಂಬತ್ತಕ್ಕೆ ನಿಂಬರ್ಗಾದ ಮನೆಗೆ ಮದುವೆಯಾಗಿ ಹೋದಳು.

ತೊಂಬತ್ನಾಲ್ಕರಲ್ಲಿ ಶರಫುದ್ದೀನ ಮಾಸ್ತರು ನಿವೃತ್ತರಾದ ಸುದ್ದಿ ಕೇಳಿ ಶಾಂತಲಿಂಗಪ್ಪ ನೆಟ್ಟಗೆ ನಿಂಬರ್ಗಾಕ್ಕೆ ಬಂದ. ಮಗಳು ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಈತ ಚಪ್ಪಲಿ ಕಳಚುವ ಮೊದಲೇ ಮಾತು ಆರಂಭಿಸಿದ.

"ನಾಳಿ ಮಾಸ್ತರ್ರ ಕಡಿ ಹೊಂಟೇನಿ. ಮುಟ್ಟಬ್ಯಾಡ ಅಂದಾಂವ ನಾನಽ ಅಂತ ಹೇಳಿ ಬಿಡ್ತೇನವ್ವಾ. ನಿನ್ನ ಸೋಲಸ್ದಾಂವ ನಾನು."

ಗುರುಬಾಯಿ ಮೊರ ಕೆಳಗಿಟ್ಟಳು. ಅವನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಮುಟ್ಟಬ್ಯಾಡ ಅಂದದ್ದು ನನ್ನ ಜೀವಾ ಉಳೀಲಿ ಅಂತ. ಅಷ್ಟು ನನಗ ತಿಳಿಯಂಗಿಲ್ಲೇನಪಾ? ಸೋತದ್ದಕ್ಕ ನಾ ಒಂದು ದಿನ ಅತ್ತೆ" ಎಂದಳು. "ನೀ ಅವರ ಮುಂದ ಹೌದ್ರಿ ಅಂದೆಲ್ಲ, ಅದಕ್ಕ ಇನ್ನಾ ಅಳಾಕತ್ತೇನಿ."

ಶಾಂತಲಿಂಗಪ್ಪ ಹೊಸ್ತಿಲಲ್ಲೇ ಕೂತ. ಮಗಳು ಎದ್ದು ಒಳಗಿನಿಂದ ಒಂದು ತಂಬಿಗೆ ನೀರು ತಂದು ಅವನ ಮುಂದೆ ಇಟ್ಟಳು.