ಹೂಂಗುಟ್ಟುವ ಕೆಲಸ

ಓದಿನಲ್ಲಿ ಫಿನ್ಲೆಂಡಿನ ಮಕ್ಕಳು ಮೊದಲಿನಂತಿಲ್ಲ, ಹಿಂದೆ ಬೀಳುತ್ತಿದ್ದಾರೆ ಎಂಬ ಸುದ್ದಿ ಕೇಳಿ ಔತಿಗೆ ಯಾರೋ ತನ್ನ ಕೆನ್ನೆಗೇ ಬಾರಿಸಿದಂತಾಯಿತು. ಗಾಯದ ಮೇಲೆ ಬರೆಯಂತೆ ಎಂಟು ವರ್ಷದ ಮಗಳು ವಿಲ್ಯಾಳ ಶಾಲೆಯಿಂದ ಪತ್ರ ಬಂತು: ನಿಮ್ಮ ಮಗು ಓದಿನಲ್ಲಿ ಹಿಂದಿದೆ, ದಿನಾ ಸಂಜೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿಸಿ, ಪಕ್ಕದಲ್ಲಿ ಕೂತು ಕೇಳಿ.

ಔತಿ ಸುಮ್ಮನೆ ಕೂರುವ ಹೆಂಗಸೇ? ಮರುದಿನವೇ ಮನೆಯಲ್ಲೊಂದು ಓದುವ ಮೂಲೆ ಎದ್ದಿತು. ಅದಕ್ಕೆ ಬೇರೆಯೇ ದೀಪ, ಮೆತ್ತನೆಯ ಕುರ್ಚಿ, ಕುರಿಚರ್ಮದ ಹಾಸು. ಅದರ ಫೋಟೋ ಪೋಷಕರ ಗುಂಪಿಗೆ ಹೋಗಿ ಮೂವತ್ತು ಹೃದಯಗಳನ್ನು ಗಳಿಸಿತು. ಆಮೇಲೆ ದಿನವೂ ಮಗಳು ಓದುವಳು. ತಾಯಿ ಪಕ್ಕದಲ್ಲೇ ಕೂತು, ಈಗಿನ ಮಕ್ಕಳು ಯಾಕೆ ಓದುವುದಿಲ್ಲ ಎಂದು ಫೋನಿನಲ್ಲಿ ಇತರ ತಾಯಂದಿರೊಡನೆ ಚರ್ಚಿಸುತ್ತ, ನಡುನಡುವೆ "ಹೂಂ, ಭೇಷ್, ಆಮೇಲೆ?" ಎನ್ನುವಳು. ಎರಡೇ ವಾರದಲ್ಲಿ ವಿಲ್ಯಾ ನೀರು ಕುಡಿದಷ್ಟು ಸಲೀಸಾಗಿ ಓದತೊಡಗಿದಳು. ತನ್ನ ವಿಧಾನವನ್ನು ಉಳಿದ ಪೋಷಕರಿಗೂ ಕಲಿಸಲು ಸಿದ್ಧ ಎಂದು ಔತಿ ಟೀಚರಿಗೆ ಬರೆದೇಬಿಟ್ಟಳು.

ಗುರುವಾರಗಳಂದು ಊರಿನ ಲೈಬ್ರರಿಗೆ ನಪ್ಪಿ ಎಂಬ ಮುದಿ ನಾಯಿ ಬರುತ್ತಿತ್ತು. ಮಕ್ಕಳು ಓದಿದ್ದನ್ನು ಮಲಗಿಕೊಂಡು ಕೇಳುವುದೇ ಅದರ ಉದ್ಯೋಗ. ಮಗಳ ಪ್ರತಾಪವನ್ನು ವಿಡಿಯೋ ಮಾಡಲು ಔತಿ ಬಾಗಿಲಲ್ಲಿ ನಿಂತಳು. ಆದರೆ ವಿಲ್ಯಾ ಸಾಲುಸಾಲಿಗೂ ಎಡವಿದಳು. ನಪ್ಪಿ ಕಿವಿ ನಿಮಿರಿಸಿ ನೋಡಿತು. ಅವಳು ನಕ್ಕು, ಅದೇ ಪದವನ್ನು ಮತ್ತೆ ಕೂಡಿಸಿ ಓದಿ ಮುಂದಕ್ಕೆ ಹೋದಳು.

ಹೊರಗೆ ಬಂದದ್ದೇ ಔತಿ ಶುರುಮಾಡಿದಳು. "ಮನೇಲಿ ಪಟಪಟ ಅಂತ ಓದ್ತೀಯಲ್ಲೇ, ನಾಯಿ ಮುಂದೆ ಏನಾಯ್ತು ನಿಂಗೆ?"

"ಅದು ಹೊಸ ಪುಸ್ತಕ ಅಮ್ಮ. ಮನೇಲಿ ಎರಡು ವಾರದಿಂದ ಒಂದೇ ಪುಟ ಓದ್ತಿದೀನಿ. ನೀನು 'ಆಮೇಲೆ?' ಅಂತೀಯ, ನಾನು ಮತ್ತೆ ಮೊದಲಿಂದ ಓದ್ತೀನಿ."

"ಹೇಳ್ಬಾರ್ದಿತ್ತೇನೇ!"

"ನಿಂಗೆ ಯಾವಾಗ ಗೊತ್ತಾಗತ್ತೋ ನೋಡೋಣ ಅಂತಿದ್ದೆ. ನಪ್ಪಿ ಹತ್ರ ಹಂಗೆಲ್ಲ ಮಾಡಕ್ಕಾಗಲ್ಲ, ಅದು ಎದ್ದು ಹೋಗ್ಬಿಡತ್ತೆ."

ಟೀಚರಿಗೆ ಬರೆದದ್ದನ್ನು ಅಳಿಸಲು ಬರುತ್ತದೆಯೇ ಎಂದು ಔತಿ ಮೊದಲು ಹುಡುಕಿದಳು. ಬರುತ್ತಿರಲಿಲ್ಲ. ನಾಚಿಕೆಯಾದದ್ದು ಆಮೇಲೆ. ಹದಿನಾಲ್ಕು ಸಂಜೆ ಈ ಮಗು ತನ್ನ ಪಕ್ಕದಲ್ಲೇ ಕೂತು ತನಗಾಗಿ ಕಾದಿತ್ತು.

ಅಂದು ಸಂಜೆ ಫೋನು ಬಾಗಿಲ ಬಳಿ ಬೂಟುಗಳ ಜೊತೆಗೇ ಉಳಿಯಿತು. ವಿಲ್ಯಾ ತಾಯಿಯನ್ನು ಅನುಮಾನದಿಂದ ನೋಡಿ ಅದೇ ಪುಟ ತೆರೆದಳು. ಸರೋವರದ ದಡದಲ್ಲಿ ಮುದುಕಿಯೊಬ್ಬಳು ತನ್ನ ದೋಣಿಗೆ ತಾನೇ ಬೆಂಕಿ ಇಟ್ಟಳು ಎಂದು ಓದಿದಳು.

"ಅಯ್ಯೋ, ಚೆನ್ನಾಗಿರೋ ದೋಣಿನ ಯಾಕೇ ಸುಟ್ಟಳು?"

"ನಂಗೂ ಗೊತ್ತಿಲ್ಲಮ್ಮ" ಎಂದ ವಿಲ್ಯಾ, ಎರಡು ವಾರದಲ್ಲಿ ಮೊದಲ ಸಲ ಪುಟ ತಿರುವಿದಳು.